ಒಂದು ಬಾವಿ, ಆರು ಒಲೆ

ಬೇಸಗೆ ಮುಗಿಯುತ್ತ ಬಂದು, ಮುಂಗಾರಿನ ಮೋಡಗಳು ಇನ್ನೂ ಘಟ್ಟವನ್ನೇರದಿರುವ ದಿನಗಳಲ್ಲಿ, ಲಿಂಗನಮಕ್ಕಿಯ ಹಿನ್ನೀರು ದಡವನ್ನು ಬಿಟ್ಟು ಬಹುದೂರ ಹಿಂದೆ ಸರಿಯುತ್ತದೆ. ಆಗ ಬಿರುಕುಬಿಟ್ಟ ಕೆಸರಿನ ಬಯಲಿನ ಮೇಲೆ ಮುಳುಗಿಹೋದ ಊರುಗಳ ಗುರುತುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ: ಕಪ್ಪಾಗಿ ನಿಂತ ಮರದ ಬೊಡ್ಡೆಗಳು, ಯಾವ ಬಾಗಿಲಿಗೂ ಸೇರದ ಎರಡು ಮೆಟ್ಟಿಲು, ಜಂಬಿಟ್ಟಿಗೆಯ ತಳಪಾಯದ ಒಂದು ಮೂಲೆ. ನೀರು ತೀರ ಇಳಿದ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆದ್ದು ನಿಲ್ಲುವುದುಂಟು. ಊರುಗಳನ್ನು ಮುಳುಗಿಸಿದ ಕಟ್ಟೆಯನ್ನು ಅದಕ್ಕಿಂತ ದೊಡ್ಡ ಕಟ್ಟೆಯೊಂದು ಮುಳುಗಿಸಿದ ಸಂಗತಿ ಲೋಕದಲ್ಲಿ ಅಪರೂಪದ್ದೇ ಸರಿ.

ಸಾಗರದ ಹಳೆಯ ಕೇರಿಯೊಂದರಲ್ಲಿ ‘ಮುಳುಗಡೆ ಮೇಷ್ಟ್ರು’ ಎಂದೇ ಹೆಸರಾದ ವೃದ್ಧರೊಬ್ಬರಿದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಲಿಸಿ ನಿವೃತ್ತರಾದವರು. ವಯಸ್ಸು ಎಂಬತ್ತು ದಾಟಿದೆ. ಮೊಣಕಾಲು ಮಾತು ಕೇಳುತ್ತಿದ್ದಷ್ಟು ಕಾಲವೂ ಅವರು ಪ್ರತಿ ಬೇಸಗೆಯಲ್ಲಿ ಒಂದು ದಿನ ಕೊಡೆ ಹಿಡಿದು ಹಿನ್ನೀರಿನ ಬಯಲಿಗೆ ಹೋಗಿಬರುತ್ತಿದ್ದರು. ಅಲ್ಲಿ ಮಾಡುತ್ತಿದ್ದುದೇನೂ ಇಲ್ಲ. ತಮ್ಮ ಮನೆಯಿದ್ದ ಸ್ಥಳವೆಂದು ತಾವೇ ನಿಶ್ಚಯಿಸಿಕೊಂಡ ಒಂದು ದಿಬ್ಬದ ಬಳಿ ನಿಂತು, ಎಲೆ ಅಡಿಕೆ ಹಾಕಿಕೊಂಡು ಹಿಂದಿರುಗುವರು. ಅದೇ ಸ್ಥಳವೆಂಬುದಕ್ಕೆ ಸಾಕ್ಷಿಯೇನೆಂದು ಯಾರಾದರೂ ಕೇಳಿದರೆ, “ಬೇರೆ ಯಾರೂ ಅದನ್ನು ತಮ್ಮದೆಂದು ಹೇಳಿಲ್ಲವಲ್ಲ!” ಎನ್ನುವರು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರಗಳ ಕಣಿವೆಗಳನ್ನು ಹಾದು, ಜೋಗದಲ್ಲಿ ಧುಮುಕುವ ಶರಾವತಿಯಿಂದ 1948ರಲ್ಲಿ ಮೊದಲು ವಿದ್ಯುತ್ತನ್ನು ಪಡೆದಾಗ ಹಿರೇಭಾಸ್ಕರದ ನೀರೇ ಸಾಕಾಗಿತ್ತು. ದೀಪಕ್ಕೂ ಯಂತ್ರಕ್ಕೂ ನಾಡಿನ ಹಸಿವು ಬೆಳೆಯಿತು. ಜೋಗಕ್ಕೆ ಸುಮಾರು 6 ಕಿಲೋಮೀಟರ್ ಮೇಲೆ, ಲಿಂಗನಮಕ್ಕಿಯಲ್ಲಿ, 2 ಕಿಲೋಮೀಟರಿಗೂ ಮಿಕ್ಕಿ ಉದ್ದದ ಕಟ್ಟೆ ಎದ್ದು 1964ರಲ್ಲಿ ನೀರು ನಿಂತಿತು. ಮರುವರ್ಷದ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಬಂದು ಶರಾವತಿ ವಿದ್ಯುದಾಗಾರವನ್ನು ನಾಡಿಗೆ ಅರ್ಪಿಸಿದರು. ಹತ್ತು ಯಂತ್ರಗಳೂ ಕೂಡಿ 1035 ಮೆಗಾವಾಟ್ ಶಕ್ತಿ. ಜಲಾಶಯ 1819 ಅಡಿಯ ಮಟ್ಟಕ್ಕೆ ತುಂಬಿದಾಗ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಿನಡಿಯಲ್ಲಿರುತ್ತದೆ. ಸಾಗರದಲ್ಲೇ ಹುಟ್ಟಿದ ನಾ. ಡಿಸೋಜರು ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳನ್ನು ಬರೆದುದು ಈ ನೀರನ್ನು ಕುರಿತೇ. ಎರಡನೆಯದನ್ನು ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ಓದಿದವರಿಗೂ ನೋಡಿದವರಿಗೂ ಬಿಟ್ಟುಹೋದವರ ಸಂಕಟವನ್ನು ಮತ್ತೆ ಹೇಳಬೇಕಾಗಿಲ್ಲ.

ಆದರೆ ಬಿಟ್ಟುಹೋದವರು ಹೋಗಿ ಸೇರಿದುದು ಎಲ್ಲಿಗೆ? ಕೆಲವರು ಕಾಡಂಚಿಗೆ ಹೋದರು. ಅವರಲ್ಲಿ ಅನೇಕರ ಭೂಮಿಯ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಕೆಲವರು ತುಮರಿಯ ಕಡೆ ನೀರು ಸುತ್ತುವರಿದ ನೆಲದಲ್ಲಿಯೇ ಉಳಿದು, ಪೇಟೆಗೆ ಬರಬೇಕಾದಾಗಲೆಲ್ಲ ಲಾಂಚಿಗೆ ಕಾದರು. ಅವರಿಗೆ ಅಂಬಾರಗೋಡ್ಲು-ಕಳಸವಳ್ಳಿಯ ಸೇತುವೆ ದೊರೆತದ್ದು 2025ರ ಜುಲೈಯಲ್ಲಿ. ಇನ್ನು ಕೆಲವರು ಪಟ್ಟಣಗಳ ಸಂದುಗೊಂದುಗಳನ್ನು ಸೇರಿದರು. ಮೇಷ್ಟ್ರ ತಂದೆ ಈ ಕೊನೆಯ ಗುಂಪಿನವರು.

ಅವರು ಮನೆಯನ್ನು ಬಿಟ್ಟುಬರಲಿಲ್ಲ, ಬಿಚ್ಚಿ ತಂದರು. ಹೆಂಚು, ರೀಪು, ಪಕಾಸಿ, ಬಾಗಿಲುವಾಡ, ಎಂಟು ಮುಂಡಿಗೆಗಳು ಎಲ್ಲವೂ ಗಾಡಿಯೇರಿದವು. ಬಿಚ್ಚಿದ ಆಚಾರಿ ಒಂದೊಂದು ಮುಂಡಿಗೆಯ ಬುಡದಲ್ಲಿಯೂ ಉಳಿಯಿಂದ ಗೀರು ಹಾಕಿದ್ದ: ಮೂಡಣ ಜಗಲಿಯ ಮೊದಲನೆಯದಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು. ಹೊಸ ಊರಿನಲ್ಲಿ ಕಂಬಗಳು ತಮ್ಮ ತಮ್ಮ ಸ್ಥಾನವನ್ನು ಮರೆಯಬಾರದೆಂದು ಅವನ ಎಚ್ಚರಿಕೆ. ಮನುಷ್ಯರಿಗೆ ಯಾರೂ ಹಾಗೆ ಗೀರು ಹಾಕಿ ಕಳುಹಿಸಲಿಲ್ಲ.

ಸಾಗರದ ಆ ಕೇರಿ ಆಗಲೇ ಹಳೆಯದಾಗಿತ್ತು. ಬೀದಿಗೆ ತಾಗಿದ ಜಗಲಿಗಳು, ಒಂದರ ಸೂರಿಗೆ ಇನ್ನೊಂದರ ಸೂರು ತಾಗುವಂತೆ ಎರಡು ಸಾಲು ಮನೆಗಳು, ಪ್ರತಿ ಮನೆಗೂ ಬೆನ್ನ ಹಿಂದೆ ಉದ್ದಾನುದ್ದದ ಹಿತ್ತಿಲು. ಆ ಸಾಲಿನಲ್ಲಿ, ಬಿದ್ದ ಹಲ್ಲಿನ ಜಾಗದಂತೆ, ಒಂದು ತೆರವು ಉಳಿದಿತ್ತು. ಅದರ ಒಡತಿಯಾದ ವಿಧವೆ ಆ 10 ಗುಂಟೆಯನ್ನು ಮುಳುಗಡೆಯವರಿಗೆ ಮಾರಿದಾಗ ಕೇರಿಯಲ್ಲಿ ಸಣ್ಣ ಗದ್ದಲವೇ ಎದ್ದಿತಂತೆ. ಎಲ್ಲಿಂದಲೋ ಬಂದವರು, ಎಷ್ಟು ಜನವೋ, ಎಷ್ಟು ದನವೋ, ಬಾವಿಯ ನೀರು ಸಾಕಾದೀತೇ ಎಂದು ಜಗಲಿ ಜಗಲಿಯಲ್ಲಿಯೂ ಚರ್ಚೆ. ಆ ಮುದುಕಿ ಯಾರಿಗೂ ಉತ್ತರ ಕೊಡದೆ, ಮನೆ ಏಳುವವರೆಗೆ ತನ್ನ ಕೊಟ್ಟಿಗೆಯ ಅಟ್ಟವನ್ನು ಈ ಸಂಸಾರಕ್ಕೆ ಬಿಟ್ಟುಕೊಟ್ಟಳು. ಮುಂದಿನ ದೀಪಾವಳಿಯ ವೇಳೆಗೆ ಮನೆ ಎದ್ದಿತು. ತೆರವು ಚಿಕ್ಕದಾದ್ದರಿಂದ ಮನೆಯೂ ಚಿಕ್ಕದಾಯಿತು. ಎಂಟು ಮುಂಡಿಗೆಗಳಲ್ಲಿ ಆರು ನಿಂತವು, ಎರಡು ಉಳಿದವು. “ಎಂದಾದರೂ ಬೇಕಾದಾವು” ಎಂದು ಅವನ್ನು ಅಟ್ಟಕ್ಕೆ ಏರಿಸಿದರು.

ಅರುವತ್ತು ವರ್ಷ ಸಂದಿತು. ಈಗ ಆ ಮನೆಯಲ್ಲಿ ಮೇಷ್ಟ್ರು, ಅವರ ಹಿರಿಯ ಮಗ, ಹಿರಿಯ ಸೊಸೆ ಮೂವರೇ. ಎರಡನೆಯ ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಮಗಳು ಸಾಗರದಲ್ಲಿಯೇ ಬ್ಯಾಂಕಿನ ನೌಕರಿಯಲ್ಲಿದ್ದು ಬಾಡಿಗೆ ಮನೆಯಲ್ಲಿ ವಾಸ. ಹಿತ್ತಿಲಿನಲ್ಲಿ ಒಂದು ಬಾವಿ, ಎರಡು ಹಲಸು, ನಾಲ್ಕಾರು ತೆಂಗು, ದನವಿಲ್ಲದ ಕೊಟ್ಟಿಗೆ. ಕೇರಿಯ ಇತರ ಮನೆಗಳ ಕಥೆಯೂ ಇದೇ. ಮಕ್ಕಳು ದೂರ ಹೋಗಿ, ಹತ್ತು ಗುಂಟೆಗೊಬ್ಬರು ಇಬ್ಬರಂತೆ ಮುದುಕರು ಉಳಿದಿದ್ದಾರೆ. ಅತ್ತ ಊರಿನ ಹೊರಗೆ ಮಾತ್ರ ಹೊಸ ಬಡಾವಣೆಗಳ ಸಂಭ್ರಮ. ನಿನ್ನೆಯವರೆಗೆ ಭತ್ತ ತೂಗುತ್ತಿದ್ದ ಗದ್ದೆಯಲ್ಲಿ ಕಲ್ಲು ನೆಟ್ಟು, ಬಣ್ಣ ಬಳಿದು, ಕಮಾನೊಂದನ್ನು ನಿಲ್ಲಿಸಿದರೆ ಬಡಾವಣೆ ಸಿದ್ಧ! ಮಳೆಗಾಲದಲ್ಲಿ ನೀರು ತನ್ನ ಹಳೆಯ ವಿಳಾಸವನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತದೆ ಎಂಬುದು ಬೇರೆ ಮಾತು.

ಎರಡನೆಯ ಮಗ ಅಂತಹ ಬಡಾವಣೆಯೊಂದರಲ್ಲಿ ನಿವೇಶನಕ್ಕೆ ಮುಂಗಡ ಕೊಟ್ಟು ಬಂದು, ತಂದೆಯ ಮುಂದೆ ಮಾತೆತ್ತಿದ. ಕೇರಿಯ ಜಾಗವನ್ನು ಮಾರಿ ಮೂವರೂ ಹಂಚಿಕೊಂಡರೆ ಎಲ್ಲರಿಗೂ ಊರ ಹೊರಗೆ ಒಂದೊಂದು ಒಳ್ಳೆಯ ಮನೆಯಾಗುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು, “ಆ ಗದ್ದೆ ಯಾರದಾಗಿತ್ತು ಮಾರಾಯ?” ಎಂದರು. ಮಗನಿಗೆ ಅದು ತಿಳಿದಿರಲಿಲ್ಲ.

“ನಮ್ಮ ಗದ್ದೆ ನೀರಿಗೆ ಹೋಯಿತು. ಬೆಂಗಳೂರಿಗೆ ದೀಪ ಬೇಕು ಅಂದರು, ಕೊಟ್ಟೆವು. ಈ ಗದ್ದೆ ಯಾವುದಕ್ಕೆ ಹೋಗ್ತಿದೆ? ಊರ ಒಳಗೆ ಇಷ್ಟು ಜಾಗ ಖಾಲಿ ಬಿದ್ದಿರುವಾಗ?”

ಮಗ ಬೆಂಗಳೂರಿನವನಾದ್ದರಿಂದ ಈ ಮಾತು ಅವನಿಗೆ ತುಸು ಹೆಚ್ಚಾಗಿಯೇ ತಾಗಿರಬೇಕು. ಅವನು ಮೊದಲು ವಿದ್ಯಾಭ್ಯಾಸಕ್ಕೆಂದು ಹೋದಾಗ ಉಳಿದದ್ದು ಮಲ್ಲೇಶ್ವರದ ಒಂದು ವಠಾರದಲ್ಲಿ. 1898ರ ಪ್ಲೇಗಿನ ಭೀತಿಯ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ನೆಲೆಸಿದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ವಿಶಾಲವಾದ ನಿವೇಶನಗಳಲ್ಲಿ ಮುಂದೆ ಯಜಮಾನರ ಮನೆ. ಕಾಲ ಕಳೆದಂತೆ ಹಿಂದಿನ ತೆರವಿನಲ್ಲಿ ಎರಡು ಸಾಲು ಸಣ್ಣ ಮನೆಗಳು, ನಡುವೆ ಕಲ್ಲುಹಾಸಿನ ಓಣಿ, ಓಣಿಯ ಕೊನೆಯಲ್ಲಿ ನಲ್ಲಿ. ನಗರವನ್ನು ಹಿಗ್ಗಿಸದೆಯೇ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಹೊಸದಾಗಿ ಮದುವೆಯಾದವರಿಗೂ ನೆಲೆ ಕೊಟ್ಟ ಏರ್ಪಾಡು ಇದು.

ವಠಾರವನ್ನು ಈಗ ನೆನೆಯುವವರು ಅದನ್ನು ಸ್ವರ್ಗವೆಂಬಂತೆ ವರ್ಣಿಸುವುದುಂಟು. ಅಲ್ಲಿ ಬಾಳಿದ ಹೆಂಗಸರನ್ನು ಕೇಳಿದರೆ ಬೇರೆಯ ಉತ್ತರ ಬಂದೀತು. ಬೆಳಗಿನ ಜಾವ ಬಿಂದಿಗೆಗಳ ಸಾಲು, ಎಂಟು ಸಂಸಾರಗಳಿಗೆ ಎರಡು ಶೌಚಗೃಹ, ಗಂಡ ಹೆಂಡಿರ ಪಿಸುಮಾತೂ ಪಕ್ಕದ ಮನೆಗೆ ಕೇಳಿಸುವ ಗೋಡೆ, ಸಂಜೆ ಏಳಕ್ಕೆ ದೀಪ ಆರಿಸಲು ಹೇಳುವ ಯಜಮಾನಿ. ಇವನ್ನೆಲ್ಲ ಮರೆತು ಉಳಿದುದನ್ನು ಹೊಗಳುವುದು ನ್ಯಾಯವಲ್ಲ. ಉಳಿದುದು ಸುಳ್ಳೆಂದೂ ಅಲ್ಲ: ಜ್ವರ ಬಂದವನಿಗೆ ಗಂಜಿ ಯಾವ ಮನೆಯಿಂದಲಾದರೂ ಬರುತ್ತಿತ್ತು, ಮಗುವನ್ನು ಓಣಿಯಲ್ಲಿ ಬಿಟ್ಟು ಅಂಗಡಿಗೆ ಹೋಗಿಬರಬಹುದಾಗಿತ್ತು. ಈ ಒಳ್ಳೆಯದಕ್ಕೆ ಓಣಿ ಕಾರಣ, ಆ ಕೆಟ್ಟದಕ್ಕೆ ನಲ್ಲಿಯೂ ಗೋಡೆಯೂ ಕಾರಣ. ಇಷ್ಟು ಸರಳವಾದ ಭೇದವನ್ನು ಗಮನಿಸದೆ, ನಗರ ಎರಡನ್ನೂ ಒಟ್ಟಿಗೆ ಕೆಡವಿತು.

ಕೆಡವಿದ ಜಾಗದಲ್ಲಿ ಎದ್ದುದೇನೆಂಬುದನ್ನು ಮಲ್ಲೇಶ್ವರದಲ್ಲಿ ತಿರುಗಾಡಿದವರೆಲ್ಲ ಕಂಡಿದ್ದಾರೆ. ನೆಲದ ಮೇಲೆ ಸಾಲುಕಂಬ, ಅದರಡಿಯಲ್ಲಿ ಕಾರುಗಳು. ಹಿಂದೆ ಜಗಲಿಯಿದ್ದ ಕಡೆ, ಅಂದರೆ ಮನೆಯ ಅತ್ಯುತ್ತಮವಾದ ಸ್ಥಾನದಲ್ಲಿ, ದಿನದ ಬಹುಪಾಲು ನಿದ್ರಿಸುವ ಈ ಅತಿಥಿಗೆ ವಾಸ್ತವ್ಯ! ಮನುಷ್ಯರು ಮೇಲೆ. ಒಬ್ಬರ ಅಡಿಗೆಮನೆಯ ಕಿಟಕಿಗೆ ಎದುರಾಗಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಇನ್ನೊಬ್ಬರ ಸ್ನಾನದ ಮನೆಯ ಕಿಟಕಿ. ಬೀದಿಯ ಕಡೆಗೆ ತೆರೆಯುವ ಬಾಗಿಲು ಒಂದೂ ಇಲ್ಲ. ಕಬ್ಬಿಣದ ಗೇಟು, ಅದರ ಬಳಿ ಕಾವಲುಗಾರ. ಮರ ಹೋಯಿತು. ನೆರೆಯವರ ಅಂಗಳಕ್ಕೆ ಬಿಸಿಲು ಹೋಯಿತು. ಜನಸಂಖ್ಯೆಯೇನೋ ಹೆಚ್ಚಿತು, ಬೀದಿಯಲ್ಲಿ ಜನ ಇಲ್ಲವಾದರು.

ಇಂತಹ ಕಟ್ಟಡವನ್ನು ಕಂಡು ಬೇಸತ್ತವರು ಹೊರಗೆ ಹೋದರು. ನಗರ ಅವರ ಹಿಂದೆಯೇ ಹೋಯಿತು. ಹೊರಗೆ ಕೆರೆಗಳೂ ರಾಗಿ ಹೊಲಗಳೂ ಬಡಾವಣೆಗಳಾದವು; ಅಲ್ಲಿಗೆ ನೀರು ಬೇಕಾಯಿತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಕೊಂಡೊಯ್ಯುವ ಪ್ರಸ್ತಾಪ ಬಂದಾಗ ಮಲೆನಾಡೆಲ್ಲ ಎದ್ದು ನಿಂತು ಬೇಡವೆಂದಿತು. ಅಂಗಡಿ ಮುಂಗಟ್ಟುಗಳು ಮುಚ್ಚಿದವು. ಆ ದಿನ ಮೇಷ್ಟ್ರು ಪತ್ರಿಕೆಯನ್ನು ಮಡಿಸಿಟ್ಟು, “ದೀಪ ಕೊಂಡುಹೋದವರಿಗೆ ಬಾಯಾರಿಕೆ ಆಗಿದೆ” ಎಂದಷ್ಟೇ ಹೇಳಿದ್ದರು.

ಸಾಗರದ ಹತ್ತು ಗುಂಟೆಗೆ ಹಿಂದಿರುಗೋಣ. ತಂದೆ ರುಜು ಹಾಕುವುದಿಲ್ಲವೆಂದು ಖಚಿತವಾದ ಮೇಲೆ ಎರಡನೆಯ ಮಗ ಇಂಜಿನಿಯರರೊಬ್ಬರನ್ನು ಕರೆತಂದ. ಅವರು ಅಳತೆ ಹಿಡಿದು, ಹಳೆಯ ಮನೆಯನ್ನೂ ಹಲಸನ್ನೂ ತೆಗೆದರೆ ನಾಲ್ಕು ಅಂತಸ್ತಿನಲ್ಲಿ ಹದಿನಾರು ಮನೆಗಳಾಗುತ್ತವೆ ಎಂದರು. ಬಾವಿ? ಅದನ್ನು ಮುಚ್ಚಿ ಕೊಳವೆಬಾವಿ ತೆಗೆಸಬಹುದು. ಹಿರಿಯ ಸೊಸೆ ಅಡಿಗೆಮನೆಯ ಬಾಗಿಲಿನಿಂದ, “ಹದಿನಾರು ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರು. ಇಂಜಿನಿಯರರು ಆ ಪ್ರಶ್ನೆಯನ್ನು ಬರೆದುಕೊಂಡು ಹೋದವರು ಮತ್ತೆ ಬರಲಿಲ್ಲ.

ಆ ಮಾತುಕತೆಯ ಉದ್ದಕ್ಕೂ ಜಗಲಿಯಲ್ಲಿ ಕುಳಿತು ಚಿತ್ರ ಬರೆಯುತ್ತಿದ್ದವಳು ಎರಡನೆಯ ಮಗನ ಮಗಳು. ಬೆಂಗಳೂರಿನಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿನಿ, ರಜೆಗೆ ಬಂದವಳು. ಅವಳು ಅಜ್ಜನ ಮೊಣಕೋಲನ್ನೂ ಒಂದು ಹಗ್ಗವನ್ನೂ ಹಿಡಿದು ಹಿತ್ತಿಲನ್ನೆಲ್ಲ ಅಳೆದಳು. ಅಗಲ 60 ಅಡಿ, ಉದ್ದ 180. ಮೂರನೆಯ ದಿನ ಒಂದು ಹಾಳೆಯನ್ನು ತಂದು ಅಜ್ಜನ ಮುಂದಿಟ್ಟಳು.

“ಇದೇನು ಪುಟ್ಟಿ, ವಠಾರ?” ಎಂದರು ಅಜ್ಜ.

“ಅಲ್ಲ ಅಜ್ಜ. ವಠಾರದ ಓಣಿ ಮಾತ್ರ.”

ಆ ಹಾಳೆಯಲ್ಲಿದ್ದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೀದಿಯ ಕಡೆಗಿರುವ ಹಳೆಯ ಮನೆ, ಜಗಲಿ ಮುಂಡಿಗೆಗಳ ಸಹಿತ, ಹಾಗೆಯೇ ಉಳಿಯುತ್ತದೆ. ಕೇರಿಯ ಸಾಲು ಮುರಿಯುವುದಿಲ್ಲ. ಅದರ ಹಿಂದೆ ಬಾವಿಯನ್ನು ನಡುವೆ ಇಟ್ಟುಕೊಂಡು 20 ಅಡಿ ಅಗಲ, 50 ಅಡಿ ಉದ್ದದ ಅಂಗಳ. ಅಂಗಳದ ಎರಡೂ ಬದಿಗೆ ಎರಡೆರಡು ಮನೆ. ಪ್ರತಿಯೊಂದೂ 25 ಅಡಿಗೆ 15 ಅಡಿ, ಕೆಳಗೆ ನಡುಮನೆ ಅಡಿಗೆಮನೆ, ಮೆತ್ತಿನ ಮೇಲೆ ಮಲಗುವ ಕೋಣೆಗಳು. ಅಂಗಳದ ಕೊನೆಗೆ ಅಡ್ಡಲಾಗಿ ಇನ್ನೊಂದು ಮನೆ. ಅದರ ಹಿಂದೆ ಹಲಸೂ ತೆಂಗೂ ಇರುವ ಹಿತ್ತಿಲು ಸುಮಾರು 60 ಅಡಿ ಮೊದಲಿನಂತೆಯೇ. ಒಟ್ಟು ಆರು ಮನೆ. ಯಾವುದೂ ಎರಡು ಅಂತಸ್ತನ್ನು ಮೀರುವುದಿಲ್ಲ. ಬೀದಿಯಲ್ಲಿ ನಿಂತವರಿಗೆ ಹಿಂದೆ ಐದು ಮನೆಗಳಿವೆಯೆಂಬುದೇ ತಿಳಿಯುವುದಿಲ್ಲ.

ಪಟ್ಟಣದಲ್ಲಿ ಮನೆ ಕಟ್ಟುವವರ ಸಾಮಾನ್ಯ ಪದ್ಧತಿಯೆಂದರೆ ನಿವೇಶನದ ನಟ್ಟನಡುವೆ ಮನೆಯನ್ನು ನಿಲ್ಲಿಸಿ ನಾಲ್ಕು ಕಡೆಯೂ ತೆರವು ಬಿಡುವುದು. ಆ ತೆರವು ಹೆಸರಿಗೆ ಗಾಳಿಗಾಗಿ. ವಾಸ್ತವದಲ್ಲಿ ಅದು ಒಡೆದ ಬಕೀಟು, ಹಳೆಯ ಸೈಕಲ್ಲು, ಪಾಚಿ ಇವುಗಳ ನೆಲೆ. ನಾಲ್ಕು ನಿರುಪಯೋಗಿ ಸಂದುಗಳನ್ನು ಒಟ್ಟುಗೂಡಿಸಿದರೆ ಒಂದು ಉಪಯುಕ್ತ ಅಂಗಳವಾಗುತ್ತದೆ ಎಂಬುದೇ ಹುಡುಗಿಯ ಉಪಾಯ. ಪೂರ್ವಪಶ್ಚಿಮದ ಎರಡು ಬದಿಗಳಲ್ಲಿ ನಿಯಮಕ್ಕೆ ಬೇಕಾದ 5 ಅಡಿಯನ್ನು ಮಾತ್ರ ಬಿಟ್ಟು, ಉಳಿದುದನ್ನು ನಡುವೆ ತಂದಿದ್ದಳು. ಎದುರುಬದುರಿನ ಮನೆಗಳ ಕಿಟಕಿಗಳು ಒಂದನ್ನೊಂದು ನೋಡದಂತೆ ಒಂದಿಷ್ಟು ಸರಿದಿದ್ದವು. ಪ್ರತಿ ಮನೆಗೂ ತನ್ನದೇ ಬಚ್ಚಲು, ತನ್ನದೇ ಶೌಚಗೃಹ, ತನ್ನದೇ ನಲ್ಲಿ. ಹೊಂದಿಕೊಂಡ ಎರಡು ಮನೆಗಳ ನಡುವೆ ಜಂಬಿಟ್ಟಿಗೆಯ ದಪ್ಪ ಗೋಡೆ, ಅದಕ್ಕೆ ತಾಗಿ ಎರಡೂ ಕಡೆ ಮೆಟ್ಟಿಲು. ಹೀಗಾಗಿ ಒಬ್ಬರ ಮಲಗುವ ಕೋಣೆಗೆ ಇನ್ನೊಬ್ಬರ ಮಲಗುವ ಕೋಣೆ ತಾಗುವುದಿಲ್ಲ. ಮಾಡು ಇಳಿಜಾರು, ಹೆಂಚಿನದು. ಮಲೆನಾಡಿನ ಮಳೆ ಗೋಡೆಯನ್ನು ತೋಯಿಸದಂತೆ ಸೂರು ಮೂರಡಿ ಮುಂದಕ್ಕೆ. ಮಾಡಿನ ನೀರು ಮರಳಿನ ಗುಂಡಿಯಲ್ಲಿ ಸೋಸಿ ಬಾವಿಯ ಬದಿಗೆ ಇಂಗುತ್ತದೆ. ಬಚ್ಚಲ ನೀರು ಹಿಂದಿನ ಹಿತ್ತಿಲಿನ ಬಾಳೆಗೆ. ವಾಹನಗಳು ಹಳೆಯ ಕೊಟ್ಟಿಗೆಯಲ್ಲಿ ದನಗಳ ಸ್ಥಾನದಲ್ಲಿ ನಿಲ್ಲತಕ್ಕದ್ದು, ಅಂಗಳಕ್ಕೆ ಪ್ರವೇಶವಿಲ್ಲ.

ಇದು ತನ್ನ ಸ್ವಂತ ಬುದ್ಧಿಯಲ್ಲವೆಂದು ಹುಡುಗಿ ಒಪ್ಪಿಕೊಂಡಳು. ಮುಂಬಯಿಯ ಬಳಿ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ 1980ರ ದಶಕದಲ್ಲಿ ಏಳೇಳು ಮನೆಗಳನ್ನು ಒಂದೊಂದು ಸಣ್ಣ ಅಂಗಳದ ಸುತ್ತ ಜೋಡಿಸಿ ಕಟ್ಟಿದರಂತೆ. ಎತ್ತರಕ್ಕೆ ಹೋಗದೆಯೂ ಬಹಳ ಜನರಿಗೆ ಇಂಬು ಕೊಡಬಹುದೆಂದು, ಪ್ರತಿ ಸಂಸಾರವೂ ತನ್ನ ಶಕ್ತ್ಯನುಸಾರ ಮನೆಯನ್ನು ಬೆಳೆಸಿಕೊಳ್ಳಬಹುದೆಂದು ತೋರಿಸಿದರಂತೆ. ಅವರು ಹೊಸ ನಗರದ ಹೊಸ ನೆಲದಲ್ಲಿ ಮಾಡಿದುದನ್ನು ಇವಳು ಹಳೆಯ ಕೇರಿಯ ಬೆನ್ನಿನಲ್ಲಿ ಮಾಡಹೊರಟಿದ್ದಳು. ಈ ಕೆಲಸ ಒಂದು ವಿಧದಲ್ಲಿ ಹೆಚ್ಚು ಕಠಿಣ: ಹೊಸ ನೆಲಕ್ಕೆ ನೆರೆಹೊರೆಯಿಲ್ಲ.

ಸಾಗರದ ಕೇರಿಗೆ ನೆರೆಹೊರೆ ಇತ್ತು. ಸುದ್ದಿ ಹರಡಿದ ಸಂಜೆಯೇ ನಾಲ್ವರು ಹಿರಿಯರು ಜಗಲಿಗೆ ಬಂದು ಕುಳಿತರು. ಕಾಫಿಯಾಯಿತು, ಅಡಿಕೆಯ ಧಾರಣೆಯಾಯಿತು, ಆಮೇಲೆ ವಿಷಯ ಹೊರಬಿದ್ದಿತು.

“ಮೇಷ್ಟ್ರೇ, ಹಿತ್ತಿಲಲ್ಲಿ ವಠಾರ ಕಟ್ಟುತ್ತೀರಂತೆ. ಯಾರು ಯಾರೋ ಬಾಡಿಗೆಗೆ ಬರುತ್ತಾರೆ. ಈ ಕೇರಿಗೆ ಒಂದು ಮರ್ಯಾದೆ ಅಂತ ಉಂಟಲ್ಲ?”

ಅವರ ಭಯ ನಿರಾಧಾರವಾದುದಲ್ಲ. ಚರಂಡಿ ಕಿರಿದು; ಬೇಸಗೆಯಲ್ಲಿ ಬಾವಿಗಳು ಒಣಗುವುದುಂಟು; ಒಂದು ಹಿತ್ತಿಲಿನಲ್ಲಿ ಆರು ಮನೆ ಏಳುವುದನ್ನು ಕಂಡು ಮುಂದಿನ ಹಿತ್ತಿಲಿನವನು ಹದಿನಾರು ಕಟ್ಟಿದರೆ ತಡೆಯುವವರಾರು? ಇವಕ್ಕೆಲ್ಲ ಮೊಮ್ಮಗಳು ಹಾಳೆಯನ್ನು ತೋರಿಸಿ ಉತ್ತರ ಕೊಟ್ಟಳು. ಚರಂಡಿಯ ವಿಷಯದಲ್ಲಿ ಅವರು ಹೇಳಿದ್ದೇ ಸರಿಯೆಂದು ಒಪ್ಪಿ, ಕೊಳವೆಯ ದಾರಿಯನ್ನು ಅಲ್ಲಿಯೇ ತಿದ್ದಿದಳು. ಆದರೆ ‘ಯಾರು ಯಾರೋ’ ಎಂಬ ಮಾತಿಗೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಮೇಷ್ಟ್ರು ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಎದುರಿಗೆ ಕುಳಿತಿದ್ದ ಪಕ್ಕದ ಮನೆಯವರನ್ನು, ಎಂದರೆ ಅಂದಿನ ಆ ಮುದುಕಿಯ ಮೊಮ್ಮಗನನ್ನು, ನೋಡಿದರು.

“ನಿನ್ನ ಅಜ್ಜಿ ನಮಗೆ ಈ ಜಾಗ ಕೊಟ್ಟಾಗ ನಾವೂ ಯಾರು ಯಾರೋ ಆಗಿದ್ದೆವಪ್ಪ. ನಿಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಏಳು ತಿಂಗಳು ಮಲಗಿದ್ದೇನೆ. ಆಗಲೂ ಹೀಗೆಯೇ ನಾಲ್ಕು ಜನ ಜಗಲಿಗೆ ಬಂದಿದ್ದರು. ಅವಳು ಕಾಫಿ ಕೊಟ್ಟು ಕಳಿಸಿದಳು.”

ಯಾರೂ ಮಾತನಾಡಲಿಲ್ಲ. ಅವರು ಒಪ್ಪಿದರೆಂದು ಹೇಳುವಂತಿಲ್ಲ. ಒಬ್ಬರಂತೂ ಇಂದಿಗೂ ಒಪ್ಪಿಲ್ಲ, ಬೆಳಗಿನ ವಾಯುವಿಹಾರದಲ್ಲಿ ಮೇಷ್ಟ್ರನ್ನು ಕಂಡರೆ ಮಾರಿಕಾಂಬಾ ಗುಡಿಯ ಕಡೆಗೆ ತಿರುಗಿಬಿಡುತ್ತಾರೆ. ಆದರೆ ತಕರಾರು ಅರ್ಜಿ ಯಾರೂ ಕೊಡಲಿಲ್ಲ.

ಹಣದ ಏರ್ಪಾಡಿನ ವಿವರ ಬೇಡ. ಮೂವರು ಮಕ್ಕಳಿಗೆ ಒಂದೊಂದು ಮನೆ, ಒಂದನ್ನು ಮಾರುವುದು, ಒಂದು ಬಾಡಿಗೆಗೆ, ಹಳೆಯ ಮನೆ ಮೇಷ್ಟ್ರು ಇರುವವರೆಗೆ ಅವರದು ಎಂದು ಗೊತ್ತಾಯಿತು. ನೆಲ ಎಲ್ಲರಿಗೂ ಕೂಡಿದ್ದು, ಮನೆ ಅವರವರದು. ಇದಕ್ಕೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಅವಕಾಶ ಕೊಡುತ್ತದೆಂದು ವಕೀಲರು ತಿಳಿಸಿದರು. ಎರಡನೆಯ ಮಗ ಗದ್ದೆಯ ನಿವೇಶನದ ಮುಂಗಡವನ್ನು ಹಿಂದಕ್ಕೆ ಪಡೆಯಲು ಹೋಗಿ ಅದರಲ್ಲಿ ಒಂದು ಭಾಗವನ್ನು ಕಳೆದುಕೊಂಡ. ಕೇರಿಯನ್ನು ಮಾರಿದ್ದರೆ ಬರುತ್ತಿದ್ದುದಕ್ಕಿಂತ ತನಗೆ ಕಡಿಮೆಯೇ ಬಂದಿತೆಂಬುದನ್ನು ಅವನು ಮರೆತಿಲ್ಲ, ಆಗಾಗ ಹೇಳುತ್ತಾನೆ. ಅದು ನಿಜವೂ ಹೌದು. ಅಂಗಳಕ್ಕೆ ಬಿಟ್ಟ ಒಂದೊಂದು ಅಡಿಯೂ ಮಾರಬಹುದಾಗಿದ್ದ ಅಡಿಯೇ.

ಕಟ್ಟಡ ಮುಗಿಯಲು ಎರಡು ಬೇಸಗೆ ಹಿಡಿಯಿತು. ಮೇಷ್ಟ್ರು ದಿನವೂ ಬಾವಿಯ ಕಟ್ಟೆಯ ಮೇಲೆ ಕುಳಿತು, ಮೇಸ್ತ್ರಿಗೆ ಬೇಡವಾದ ಸಲಹೆಗಳನ್ನೆಲ್ಲ ಕೊಟ್ಟರು. ಕೊನೆಯ ಅಡ್ಡಮನೆಯ ಜಗಲಿಗೆ ಕಂಬ ನಿಲ್ಲಿಸುವ ದಿನ ಬಂದಾಗ ಅವರು ಅಟ್ಟದ ಎರಡು ಮುಂಡಿಗೆಗಳನ್ನು ಇಳಿಸಲು ಹೇಳಿದರು. ಅರುವತ್ತು ವರ್ಷದ ಹೊಗೆ ಕುಡಿದು ಮರ ಕಲ್ಲಿನಂತಾಗಿತ್ತು. ತೊಳೆದು ಒರೆಸಿದಾಗ ಬುಡದಲ್ಲಿ ಉಳಿಯ ಗೀರುಗಳು ಕಂಡವು: ಒಂದರಲ್ಲಿ ಏಳು, ಇನ್ನೊಂದರಲ್ಲಿ ಎಂಟು. ಆಚಾರಿ ಗೀರುಗಳನ್ನು ಕೀಸಿಹಾಕಲು ಉಳಿಯೆತ್ತಿದ. “ಬೇಡ, ಇರಲಿ. ಹೊರಮುಖ ಮಾಡಿ ನಿಲ್ಲಿಸು” ಎಂದರು.

ಆ ವರ್ಷ ಅವರು ಹಿನ್ನೀರಿನ ಬಯಲಿಗೆ ಹೋಗಲಿಲ್ಲ. ಮೊಣಕಾಲು ನೋವೆಂದು ಹೇಳಿದರು.

ಬಾಡಿಗೆಯ ಮನೆಗೆ ಬಂದವರು ತುಮರಿ ಕಡೆಯ ಒಂದು ಸಂಸಾರ. ಮಕ್ಕಳ ಕಾಲೇಜಿಗಾಗಿ ಪೇಟೆಗೆ ಬಂದವರು. ಅವರಿಗೆ ಮನೆ ಕೊಡುವಾಗ ಮೇಷ್ಟ್ರು ಕೇಳಿದ ಪ್ರಶ್ನೆ ಒಂದೇ: ಮುಳುಗಡೆಗೆ ಮೊದಲು ನಿಮ್ಮ ಹಿರಿಯರದು ಯಾವ ಊರು? ಅವರು ಹೇಳಿದ ಹೆಸರನ್ನು ಮೇಷ್ಟ್ರು ಎರಡು ಬಾರಿ ಉಚ್ಚರಿಸಿಕೊಂಡು, ಮುಂಗಡವನ್ನು ಎಣಿಸದೆಯೇ ಜೇಬಿಗೆ ಹಾಕಿಕೊಂಡರು.

ಆರು ಒಲೆಗಳೂ ಹೊತ್ತಿದ ಮೊದಲ ಮಳೆಗಾಲದಲ್ಲಿಯೇ ಮೊದಲನೆಯ ಜಗಳವೂ ನಡೆಯಿತು. ವಿದ್ಯುತ್ತು ಮೂರು ದಿನ ಕೈಕೊಟ್ಟಿತು. ಶರಾವತಿಯ ನಾಡಿನಲ್ಲಿ ಇದೂ ಉಂಟು! ಪಂಪು ನಿಂತು, ಎಲ್ಲರೂ ಬಿಂದಿಗೆ ಹಿಡಿದು ಬಾವಿಗೆ ಬಂದರು. ನೀರು ಕಟ್ಟೆಗೆ ನಾಲ್ಕು ಅಡಿ ಕೆಳಗೆ ತುಳುಕುತ್ತಿತ್ತು. ಹಗ್ಗ ಮಾತ್ರ ಯಾರ ಮನೆಯಲ್ಲಿಯೂ ಇರಲಿಲ್ಲ. ಹೊಸ ಹಗ್ಗವನ್ನು ಯಾರು ತರಬೇಕು, ಆರು ಮನೆಗೂ ಸಮಭಾಗವೋ, ಮಂದಿಯ ಲೆಕ್ಕವೋ ಎಂದು ಸುರಿಯುವ ಸೂರಿನಡಿಯಲ್ಲಿ ನಿಂತು ವಾದ ಏರತೊಡಗಿತು. ಮಗಳು ಒಂದು ಮಾತು ಅಂದಳು, ಎರಡನೆಯ ಸೊಸೆ ಎರಡು ಅಂದಳು. ಹಳೆಯ ಮನೆಯ ಹಿಂಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಮೇಷ್ಟ್ರು, ಕಿವಿಗೆ ಅಂಗೈ ಮರೆಮಾಡಿ ಒಂದು ಅಕ್ಷರವೂ ಬಿಟ್ಟುಹೋಗದಂತೆ ಕೇಳುತ್ತಿದ್ದರು. ಹಿರಿಯ ಸೊಸೆ ಬಂದು, “ನೀವಾದರೂ ಒಂದು ಮಾತು ಹೇಳಿ ಮಾವಯ್ಯ” ಎಂದಾಗ, ಅವರು ಕೈಸನ್ನೆಯಿಂದ ತಡೆದು, “ಸ್ವಲ್ಪ ತಾಳಮ್ಮ, ಇನ್ನೂ ಮುಗಿದಿಲ್ಲ” ಎಂದರು.